ಅನುಮಾನದ ಟ್ರೇ

ತರೀಕೆರೆಯ ಲಕ್ಷ್ಮಣಪ್ಪನವರ ಅಡಿಕೆ ಮಂಡಿಯಲ್ಲಿ ಮಲ್ಲಿಕಾಂಬ ಇಪ್ಪತ್ತೆಂಟು ವರ್ಷ ಗೋಣಿಚೀಲದ ಮೇಲೆ ಕೂತಳು. ಮಲ್ಲಿಕಾಂಬ ಅನ್ನುವ ಹೆಸರು ರೇಷನ್ ಕಾರ್ಡಿಗೆ ಮಾತ್ರ. ಮಂಡಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಮಲ್ಲಕ್ಕ. ಕೆಲಸ ಅಡಿಕೆ ಆರಿಸುವುದು. ಎದುರಿಗೆ ಸುರಿದ ಗುಡ್ಡೆಯಿಂದ ಒಳ್ಳೆಯದನ್ನು ಒಂದು ಕಡೆ, ಹಗುರವಾದ ಗೊರಬಲನ್ನು ಇನ್ನೊಂದು ಕಡೆ, ಹುಳುಕನ್ನು ಮತ್ತೊಂದು ಕಡೆ ಹಾಕುವುದು. ಹೇಳುವುದಕ್ಕೆ ಇಷ್ಟೇ. ಹೊಸಬರು ಕೂತರೆ ಮಧ್ಯಾಹ್ನದ ಹೊತ್ತಿಗೆ ಕಣ್ಣು ಸೋತು, ಎಲ್ಲ ಅಡಿಕೆಯೂ ಒಂದೇ ಥರ ಕಾಣತೊಡಗುತ್ತದೆ.

ಮಲ್ಲಕ್ಕನಿಗೆ ಕಣ್ಣಿನ ಹಂಗು ಅಷ್ಟಾಗಿ ಇರಲಿಲ್ಲ. ಅಡಿಕೆ ಬೆರಳಿಗೆ ತಾಕಿದ ಕೂಡಲೇ ಅದರ ತೂಕ ಗೊತ್ತಾಗುತ್ತಿತ್ತು, ನೆಲಕ್ಕೆ ಬಿದ್ದ ಸದ್ದಿನಲ್ಲೇ ಒಳಗೆ ಟೊಳ್ಳೋ ಗಟ್ಟಿಯೋ ತಿಳಿಯುತ್ತಿತ್ತು. ಹೋದ ವರ್ಷದ ಹಳೇ ಅಡಿಕೆಗೆ, ಅಡಿಕೆ ಬೇಯಿಸಿ ಉಳಿದ ಕೆಂಪು ಚೊಗರನ್ನು ಮತ್ತೊಮ್ಮೆ ಬಳಿದು, ಹೊಸ ಮಾಲು ಅಂತ ತಂದು ಸುರಿಯುವ ಜಾಣರಿದ್ದಾರೆ. ಅವರ ಚೀಲ ಬಿಚ್ಚಿದ ಗಳಿಗೆಯಲ್ಲೇ ಮಲ್ಲಕ್ಕ ಒಂದನ್ನು ಹೆಬ್ಬೆರಳಿನಿಂದ ಉಜ್ಜಿ, "ಸಾವ್ಕಾರ್ರೆ, ಇದು ಮದ್ವಣಗಿತ್ತಿ ಅಲ್ಲ, ಅಜ್ಜಿಗೆ ಸಿಂಗಾರ ಮಾಡವ್ರೆ ಕಣ್ರೀ" ಅನ್ನುತ್ತಿದ್ದಳು. ಲಕ್ಷ್ಮಣಪ್ಪ ಮರುಮಾತಾಡದೆ ಮಾಲು ವಾಪಸ್ ಕಳಿಸುತ್ತಿದ್ದರು. ಬೇರೆಲ್ಲಾದರೂ ಇದನ್ನು ವಿದ್ಯೆ ಅನ್ನುತ್ತಿದ್ದರೋ ಏನೋ, ಇಲ್ಲಿ ಕೂಲಿ ಅಂದರು.

ಆರಿಸುವ ಹೆಂಗಸರಲ್ಲಿ ಒಂದು ಕಟ್ಟುಪಾಡಿತ್ತು. ಹೊಸದಾಗಿ ಬಂದವಳು ಮೊದಲ ವರ್ಷ ಬರೀ ಸಿಪ್ಪೆ, ನಾರು, ಕಡ್ಡಿ ಹೆಕ್ಕಬೇಕು. ಅಡಿಕೆಯ ಗುಟ್ಟು ಅವಳಿಗೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿಕೊಡುವುದಿದ್ದರೆ ಸ್ವಂತ ಮಗಳಿಗೆ, ಇಲ್ಲವೇ ಸೊಸೆಗೆ. ಮಲ್ಲಕ್ಕ ತನ್ನ ಅತ್ತೆಯಿಂದ ಕಲಿತಳು. ಪಕ್ಕದಲ್ಲಿ ಕೂರುತ್ತಿದ್ದ ಅಮೃತಾಪುರದ ಓಬಮ್ಮ ಇಪ್ಪತ್ತು ವರ್ಷ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತರೂ, ಒಂದೇ ಬುತ್ತಿಯಲ್ಲಿ ಉಂಡರೂ, ಇಬ್ಬರೂ ತಮ್ಮ ತಮ್ಮ ಗುಟ್ಟನ್ನು ಒಬ್ಬರಿಗೊಬ್ಬರು ಬಿಟ್ಟುಕೊಟ್ಟವರಲ್ಲ. ಅದಕ್ಕಾಗಿ ಇಬ್ಬರಿಗೂ ಬೇಜಾರೂ ಇರಲಿಲ್ಲ.

ಮಲ್ಲಕ್ಕನ ತವರು ಅಜ್ಜಂಪುರ. ಗಂಡ ಬೆನಕಪ್ಪ ಬಸ್ ಸ್ಟ್ಯಾಂಡಿನ ಹಿಂದೆ ಬೆಲ್ಲದ ಅಂಗಡಿ ಇಟ್ಟಿದ್ದ. ಯಾರಿಗೂ ಇಲ್ಲ ಅನ್ನಲಾರದ ಮನುಷ್ಯ, ಹಾಗಾಗಿ ಅಂಗಡಿ ಬೇಗ ಖಾಲಿಯಾಯಿತು. ಮಗಳು ದೀಪಶ್ರೀ ಐದನೇ ಕ್ಲಾಸಿನಲ್ಲಿರುವಾಗ ಅವನೂ ಹೋದ. ಅವತ್ತಿನಿಂದ ಮಲ್ಲಕ್ಕನದು ಒಂದೇ ಹಟ. ತನ್ನ ಮಗಳು ಈ ಗೋಣಿಚೀಲದ ಮೇಲೆ ಕೂರಕೂಡದು. ಸುಗ್ಗಿಯಲ್ಲಿ ಉಸಿರಾಡಲು ಬಿಡುವಿಲ್ಲದಷ್ಟು ಕೆಲಸ, ಮಳೆಗಾಲದಲ್ಲಿ ಕೇಳುವವರಿಲ್ಲ ಅನ್ನುವ ಬದುಕು ಅವಳಿಗೆ ಬೇಡ. ಬೇಸಿಗೆ ಮಳೆ ನೋಡದೆ ತಿಂಗಳು ತಿಂಗಳೂ ಬರುವ ಸಂಬಳ ಅವಳಿಗೆ ಬೇಕು. ಹುಡುಗಿಯನ್ನು ಮಠದ ಹಾಸ್ಟೆಲಿನಲ್ಲಿ ಬಿಟ್ಟು ಕಂಪ್ಯೂಟರ್ ಡಿಪ್ಲೊಮಾ ಓದಿಸಿದಳು. ಆ ವರ್ಷಗಳಲ್ಲಿ ಹಬ್ಬಕ್ಕೂ ತನಗೊಂದು ಸೀರೆ ತೆಗೆದುಕೊಂಡವಳಲ್ಲ.

ಕೊರೊನಾ ಕಳೆದ ಮೇಲೆ ಕಡೂರಿನಲ್ಲಿ ಒಂದು ಕಂಪನಿ ಬಂತು. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಲವತ್ತು ಕಂಪ್ಯೂಟರ್, ಎರಡು ಎಸಿ, ಕತ್ತಿಗೆ ನೇತುಹಾಕಿಕೊಳ್ಳುವ ಕಾರ್ಡು. ದೀಪಶ್ರೀಗೆ ಅಲ್ಲಿ ಕೆಲಸ ಸಿಕ್ಕಿತು. ಮಲ್ಲಕ್ಕ ಮಂಡಿಯ ಉಳಿದ ಹದಿಮೂರು ಹೆಂಗಸರಿಗೂ ಮೈಸೂರುಪಾಕು ಹಂಚಿದಳು.

"ಏನ್ ಕೆಲ್ಸನೇ ಅದು?" ಅಂತ ಆ ರಾತ್ರಿ ಊಟಕ್ಕೆ ಕೂತಾಗ ಕೇಳಿದಳು.

"ಫೋಟೊ ತೋರಿಸ್ತಾರಮ್ಮ. ಅದ್ರಲ್ಲಿ ಇರೋ ವಸ್ತುಗಳ ಸುತ್ತ ಗೆರೆ ಎಳ್ದು, ಇದು ಕಾರು, ಇದು ನಾಯಿ, ಇದು ಮನುಷ್ಯ ಅಂತ ಹೆಸ್ರು ಹಾಕ್ಬೇಕು. ಲಕ್ಷಗಟ್ಲೆ ಹಂಗ್ ಹಾಕಿದ್ರೆ ಕಂಪ್ಯೂಟ್ರು ತಾನೇ ಗುರುತು ಹಿಡಿಯೋದು ಕಲಿಯುತ್ತೆ."

"ಅಂದ್ರೆ ನೀನು ಮೇಷ್ಟ್ರು ಅನ್ನು."

"ಹೂಂ ಕಣಮ್ಮ. ಮೆಷಿನ್‌ಗೆ ಮೇಷ್ಟ್ರು."

ಮಲ್ಲಕ್ಕನಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಮೇಷ್ಟ್ರ ಕೆಲಸ ಹೋಗುವುದನ್ನು ಅವಳು ಯಾವತ್ತೂ ಕಂಡಿರಲಿಲ್ಲ.

ಎರಡು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ಬೆಳಗಿನ ಬಸ್ಸಿಗೆ ಕಡೂರು, ಸಂಜೆಗೆ ವಾಪಸ್ಸು. ಮನೆಗೆ ಫ್ರಿಜ್ ಬಂತು, ಕಂತಿನ ಮೇಲೆ ಸ್ಕೂಟಿ ಬಂತು. ಬೀರೂರಿನ ಒಂದು ಮನೆಯವರು ಹೆಣ್ಣು ಕೇಳುವ ಮಾತಾಡಿದರು. ಹಾಗಿರುವಾಗ ಒಂದು ದಿನ ದೀಪಶ್ರೀ ಮುಖ ಸಪ್ಪೆ ಮಾಡಿಕೊಂಡು ಬಂದಳು. ಕಂಪನಿಗೆ ಹೊಸ ಪ್ರಾಜೆಕ್ಟ್ ಬಂದಿತ್ತು, ಅದೂ ಅಡಿಕೆಯದೇ. ಫೋಟೊದಲ್ಲಿರುವ ಅಡಿಕೆ ಯಾವ ದರ್ಜೆಯದು ಅಂತ ಹೇಳಬೇಕಿತ್ತು. ನಲವತ್ತು ಜನರಲ್ಲಿ ಒಬ್ಬರಿಗೂ ಅದು ಸರಿಯಾಗಿ ಬರುತ್ತಿರಲಿಲ್ಲ. ತಪ್ಪು ಹೀಗೇ ಇದ್ದರೆ ಪ್ರಾಜೆಕ್ಟ್ ಬೇರೆ ಊರಿಗೆ ಹೋಗುತ್ತದೆ, ಅದರ ಹಿಂದೆ ಕೆಲಸವೂ ಹೋಗುತ್ತದೆ ಅಂತ ಮ್ಯಾನೇಜರ್ ಹೇಳಿದ್ದ.

ಮಲ್ಲಕ್ಕ ನಕ್ಕಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಮಗಳ ಓದಿಗೆ ತನ್ನ ಕೆಲಸ ಸಹಾಯಕ್ಕೆ ಬಂದಿತ್ತು.

ಭಾನುವಾರ ಬೆಳಿಗ್ಗೆ ದೀಪಶ್ರೀ ಕಂಪನಿಯ ಲ್ಯಾಪ್‌ಟಾಪ್ ತಂದು ಹೊಸ್ತಿಲ ಬೆಳಕಿನಲ್ಲಿ ಇಟ್ಟಳು. ಮಲ್ಲಕ್ಕ ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

"ಇದನ್ನ ಒಂಚೂರು ತಿರುಗ್ಸು."

"ಫೋಟೊ ಕಣಮ್ಮ. ತಿರುಗ್ಸಕ್ಕಾಗಲ್ಲ."

"ತಿರುಗ್ಸದೆ ಹೆಂಗ್ ಹೇಳೋದೇ? ಹೆಣ್ಣು ನೋಡಕ್ಕೆ ಬಂದೋರೂ ಒಂದ್ಸಲ ಓಡಾಡಮ್ಮ ಅಂತಾರೆ."

ಮಾರನೆಯ ದಿನ ಲಕ್ಷ್ಮಣಪ್ಪನವರನ್ನು ಕೇಳಿ ಒಂದೊಂದು ದರ್ಜೆಯದು ಒಂದೊಂದು ಹಿಡಿ ತಂದಳು. ಮೊರದಲ್ಲಿ ಸಾಲಾಗಿ ಜೋಡಿಸಿ, ಪರದೆಯ ಮೇಲಿನದಕ್ಕೂ ಮೊರದಲ್ಲಿದ್ದದ್ದಕ್ಕೂ ತಾಳೆ ಹಾಕಿದಳು. ಕೈಗೆ ಮಾತ್ರ ಗೊತ್ತಿದ್ದುದನ್ನು ಕಣ್ಣಿಗೆ ಹೇಳಿಕೊಡುವುದು ಹೇಗೆ ಅಂತ ನಾಲ್ಕು ಭಾನುವಾರ ಒದ್ದಾಡಿದಳು. ಹಗುರವಾದದ್ದರ ಸುಕ್ಕು ಬುಡದಿಂದ ಶುರುವಾಗುತ್ತದೆ. ತೊಟ್ಟಿನ ಗುರುತು ಒಳಕ್ಕೆ ಎಳೆದುಕೊಂಡಿದ್ದರೆ ಟೊಳ್ಳು. ಹೊಳಪು ಅಂಚಿನಲ್ಲಿ ಸತ್ತಿದ್ದರೆ ಒಳಗೆ ಹುಳು. ಅತ್ತೆ ಕೂಡ ಅವಳಿಗೆ ಇಷ್ಟು ಬಿಡಿಸಿ ಹೇಳಿರಲಿಲ್ಲ. ಮಗಳಿಗಲ್ಲದೆ ಇನ್ಯಾರಿಗೆ ಹೇಳಲಿ ಅನ್ನುವುದು ಮಲ್ಲಕ್ಕನ ಲೆಕ್ಕ. ಆ ಲೆಕ್ಕದಲ್ಲಿ ತಪ್ಪೂ ಇರಲಿಲ್ಲ. ಮಗಳ ಹಿಂದೆ ಯಾರು ಕೂತು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವುದು ಮಾತ್ರ ಅವಳಿಗೆ ಹೊಳೆಯಲಿಲ್ಲ. ಓದಿದ ಮಗಳಿಗೇ ಹೊಳೆಯದ್ದು ಅವಳಿಗೆ ಹೇಗೆ ಹೊಳೆದೀತು?

ದೀಪಶ್ರೀ ಎಲ್ಲವನ್ನೂ ಮೂರು ಪುಟದಲ್ಲಿ ಟೈಪ್ ಮಾಡಿದಳು. ಆ ಮೂರು ಪುಟ ನಲವತ್ತು ಜನರಿಗೂ ಹೋಯಿತು. ತಪ್ಪುಗಳು ಹೇಳಹೆಸರಿಲ್ಲದಂತೆ ನಿಂತವು. ಕಂಪನಿಯವರು ದೀಪಶ್ರೀಗೆ ಒಂದು ಗಾಜಿನ ಫಲಕ ಕೊಟ್ಟು, ಟೀಮ್ ಲೀಡರ್ ಮಾಡಿ, ಚಪ್ಪಾಳೆ ತಟ್ಟಿ ಫೋಟೊ ತೆಗೆದರು. ಮಲ್ಲಕ್ಕ ಆ ಫೋಟೊವನ್ನು ಬೆನಕಪ್ಪನ ಫೋಟೊದ ಪಕ್ಕದಲ್ಲಿ ಹಾಕಿದಳು.

ಮುಂದಿನ ಸುಗ್ಗಿಗೆ ಮೊದಲೇ ಮಂಡಿಗೆ ಮೆಷಿನ್ ಬಂತು. ಲಕ್ಷ್ಮಣಪ್ಪನವರ ಮಗ ವೇಣು ಈಗ ವ್ಯವಹಾರ ನೋಡುತ್ತಿದ್ದ. ಕೆಟ್ಟ ಹುಡುಗನೇನಲ್ಲ, ಲೆಕ್ಕದ ಹುಡುಗ. ಒಂದು ಕಡೆಯಿಂದ ಅಡಿಕೆ ಸುರಿದರೆ ಪಟ್ಟಿಯ ಮೇಲೆ ಓಡಿ, ಕ್ಯಾಮೆರಾದ ಕೆಳಗೆ ಹಾದು, ಗಾಳಿಯ ಒಂದು ಏಟಿಗೆ ಅದರದರ ಡಬ್ಬಕ್ಕೆ ಹೋಗಿ ಬೀಳುತ್ತಿತ್ತು. ಮೇಲೊಂದು ಟಿವಿಯಂಥ ಪರದೆ. ಅದರಲ್ಲಿ ಓಡುವ ಪ್ರತಿ ಅಡಿಕೆಯ ಸುತ್ತಲೂ ಹಸಿರು, ಹಳದಿ, ಕೆಂಪು ಗೆರೆ. ನಾಲ್ಕು ಭಾನುವಾರ ಹೊಸ್ತಿಲಲ್ಲಿ ಕೂತು ನೋಡಿದ್ದ ಗೆರೆಗಳನ್ನು ಗುರುತು ಹಿಡಿಯಲು ಮಲ್ಲಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹದಿಮೂರು ಹೆಂಗಸರನ್ನು ಬೇಡ ಅಂದರು. ಓಬಮ್ಮ ಬುತ್ತಿ ಚೀಲ ಎತ್ತಿಕೊಂಡು ಹೊರಡುವಾಗ ಮಲ್ಲಕ್ಕನ ಮುಂದೆ ನಿಂತಳು.

"ಕಡೂರಿನ ಆಪೀಸಲ್ಲಿ ಇದುನ್ನ ಕಲಿಸಿದ್ದಂತೆ. ನಿನ್ ಮಗಳು ಬಹುಮಾನ ತಗೊಂಡ್ಲಲ್ಲ, ಅದು ಇದ್ಕೇ ಏನೇ?"

"ಗೊತ್ತಿರ್ಲಿಲ್ಲ ಕಣೇ ಓಬಿ."

"ಇಪ್ಪತ್ತು ವರ್ಷ ಪಕ್ಕದಾಗ್ ಕೂತಿದ್ನಲ್ಲೇ. ನಂಗೊಂದಿನ ಹೇಳ್ಕೊಟ್ಟಿದ್ಯಾ? ಆ ಕಬ್ಬಿಣಕ್ಕೆ ಹೇಳ್ಕೊಟ್ಟೆ."

ಓಬಮ್ಮ ಮತ್ತೆ ಮಲ್ಲಕ್ಕನ ಮನೆ ಕಡೆ ಬರಲಿಲ್ಲ. ಅಮೃತಾಪುರದ ಬಸ್ಸು ಮಂಡಿಯ ಮುಂದೆ ಹಾದಾಗಲೆಲ್ಲ ಮಲ್ಲಕ್ಕ ಬೇಕೆಂದೇ ಒಳಗೆ ಹೋಗಿ ನಿಲ್ಲುತ್ತಿದ್ದಳು.

ಅವಳೊಬ್ಬಳನ್ನು ಉಳಿಸಿಕೊಂಡದ್ದಕ್ಕೂ ಕಾರಣವಿತ್ತು. ಮೆಷಿನ್‌ಗೆ ಖಚಿತವಾಗಿ ಹೇಳಲು ಬಾರದ ಅಡಿಕೆ ಒಂದು ನೀಲಿ ಟ್ರೇಗೆ ಬೀಳುತ್ತಿತ್ತು. ಚೊಗರು ಬಳಿದ ಹಳೇ ಮಾಲೆಲ್ಲ ಹೆಚ್ಚಾಗಿ ಅಲ್ಲಿಗೇ. ವೇಣು ಅದನ್ನು ಅನುಮಾನದ ಟ್ರೇ ಅನ್ನುತ್ತಿದ್ದ. ಅದನ್ನು ಕೈಯಲ್ಲಿ ನೋಡಿ ಆರಿಸಲು ಒಬ್ಬರು ಬೇಕಿತ್ತು. ಹದಿನಾಲ್ಕು ಜನರ ಮಂಡಿಯಲ್ಲಿ ಕೊನೆಗೆ ಉಳಿದದ್ದು ಇಷ್ಟು ಜಾಗ.

ಎರಡು ತಿಂಗಳಿಗೆ ದೀಪಶ್ರೀಯ ಕೆಲಸವೂ ಹೋಯಿತು. ವಿಡಿಯೊದಲ್ಲಿ ಒಬ್ಬ ಮೇಡಂ ಬಂದು, ನಿಮ್ಮ ಕೆಲಸ ತುಂಬಾ ಚೆನ್ನಾಗಿತ್ತು, ಅದಕ್ಕೇ ಪ್ರಾಜೆಕ್ಟ್ ಅಂದುಕೊಂಡಿದ್ದಕ್ಕಿಂತ ಬೇಗ ಮುಗಿಯಿತು ಅಂದರಂತೆ. ಮೆಷಿನ್ ಕಲಿತಾಗಿತ್ತು, ಮುಂದಿನ ಗೆರೆಗಳನ್ನು ಅದೇ ಎಳೆದುಕೊಳ್ಳುತ್ತದಂತೆ. ಸಂಜೆಗೆ ಕಾರ್ಡು ವಾಪಸ್ ಕೊಟ್ಟು ಬಂದಳು. ಹೀಗೂ ಉಂಟೇ ಅಂತ ಮಲ್ಲಕ್ಕ ಮತ್ತೆ ಮತ್ತೆ ಕೇಳಿದಳು. ಕೆಟ್ಟದಾಗಿ ಮಾಡಿದರೆ ತೆಗೆಯುವುದು ಗೊತ್ತು, ಚೆನ್ನಾಗಿ ಮಾಡಿದ್ದಕ್ಕೆ ತೆಗೆಯುವುದು ಯಾವ ಸೀಮೆಯ ನ್ಯಾಯ?

ಆಮೇಲಿನ ಏಳು ತಿಂಗಳು ಆ ಮನೆಯಲ್ಲಿ ಫೋನ್ ಒಂದೇ ದೇವರಾಯಿತು. ದೀಪಶ್ರೀ ದಿನಕ್ಕೆ ಹತ್ತು ಕಡೆ ಅರ್ಜಿ ಹಾಕುವಳು. ಕರೆದವರು, ಮೂರು ವರ್ಷ ಏನು ಮಾಡಿದಿರಿ ಅಂತ ಕೇಳುವರು. ಫೋಟೊಗಳ ಸುತ್ತ ಗೆರೆ ಎಳೆದೆ ಅಂದರೆ, ಅದೀಗ ಯಾರಿಗೂ ಬೇಡವಲ್ಲ ಅನ್ನುವರು. ಹೊಸದೊಂದು ಕೋರ್ಸ್ ಮಾಡಿ ಅಂದರು. ಉಳಿಸಿದ್ದ ದುಡ್ಡೆಲ್ಲ ಕೊಟ್ಟು ಮಾಡಿದಳು. ಮುಗಿಯುವ ಹೊತ್ತಿಗೆ ಅದನ್ನೂ ಕೇಳುವವರಿರಲಿಲ್ಲ. ದೊಡ್ಡ ದೊಡ್ಡ ಎಂಜಿನಿಯರುಗಳೇ ಕೆಲಸ ಕಳೆದುಕೊಂಡು ಅದೇ ಸಾಲಿನಲ್ಲಿ ನಿಂತಿರುವಾಗ ತರೀಕೆರೆಯ ಡಿಪ್ಲೊಮಾ ಹುಡುಗಿಯನ್ನು ಯಾರು ನೋಡುತ್ತಾರೆ? ಕೆಮ್ಮಣ್ಣುಗುಂಡಿ ದಾರಿಯ ಲಾಡ್ಜೊಂದರಲ್ಲಿ ರಿಸೆಪ್ಷನ್‌ಗೆ ಕರೆದಿದ್ದರು, ಶನಿವಾರ ಭಾನುವಾರ ಮಾತ್ರ. ಎರಡು ವಾರ ಹೋದಳು, ಮಳೆ ಹಿಡಿಯಿತು, ಬರಬೇಡ ಅಂದರು. ಕಂತು ನಿಂತಿದ್ದಕ್ಕೆ ಸ್ಕೂಟಿಯನ್ನು ಸಾಲ ಕೊಟ್ಟವರು ಎಳೆದುಕೊಂಡು ಹೋದರು. ಬೀರೂರಿನವರು ಮಾತು ನಿಲ್ಲಿಸಿದರು. ತಮ್ಮ ಹುಡುಗನಿಗೆ ಗೌರ್ಮೆಂಟ್ ಕೆಲಸದ ಹೆಣ್ಣೇ ಬೇಕಂತೆ.

ದೀಪಶ್ರೀ ಅಳುವ ಹುಡುಗಿಯಾಗಿದ್ದರೆ ಮಲ್ಲಕ್ಕನಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಅವಳು ಮಾತು ಬಿಟ್ಟಳು. ಬೆಳಿಗ್ಗೆ ತಾಯಿ ಹೊರಡುವಾಗ ಗೋಡೆಗೆ ಒರಗಿ ಕೂತಿದ್ದವಳು ಸಂಜೆ ಬಂದಾಗಲೂ ಅಲ್ಲೇ ಕೂತಿರುತ್ತಿದ್ದಳು. ಒಂದು ದಿನ ತಲೆ ಬಾಚುವಾಗ ಮಲ್ಲಕ್ಕನ ಕೈಗೆ ಕೂದಲು ಹಿಡಿ ಹಿಡಿಯಾಗಿ ಬಂತು. ಅವತ್ತು ಅವಳ ಹಟ ಮುರಿಯಿತು. ಗೋಣಿಚೀಲವೋ ಚಾಪೆಯೋ, ಈ ಹುಡುಗಿ ಎದ್ದು ಒಂದು ಕಡೆ ಹೋಗಿ ಕೂತರೆ ಸಾಕು ಅನ್ನಿಸಿತು.

ವೇಣುವನ್ನು ಕೇಳಿದಳು. "ನೋಡಪ್ಪ, ಮೆಷಿನ್ ನೋಡ್ಕೊಳಕ್ಕೆ ಕಂಪ್ಯೂಟ್ರು ಗೊತ್ತಿರೋರು ಇದ್ರೆ ನಿಂಗೂ ಆಗುತ್ತೆ. ಆ ಟ್ರೇನೂ ನನ್ ಮಗಳೇ ಆರಿಸ್ತಾಳೆ."

"ಇಬ್ರಿಗೆ ಜಾಗ ಇಲ್ಲ ಮಲ್ಲಕ್ಕ. ನೀವ್ ಇರೋವಾಗ ಬೇರೆಯವ್ರು ಯಾಕೆ? ಅಪ್ಪಾಜಿ ಮಾತ್ ಕೊಟ್ಟವ್ರೆ, ನಿಮ್ ಕೈಲಾಗೋವರ್ಗೂ ನೀವೇ. ಕೈಲಾಗದಾಗ ಹೇಳಿ, ಆವಾಗ್ ನೋಡಾನ."

ಕೆಲಸ ಬಿಟ್ಟು ಮಗಳಿಗೆ ಕೊಡಿಸುವ ಮಾತನ್ನು ಮನೆಯಲ್ಲಿ ಆಡಿ ನೋಡಿದಳು. ದೀಪಶ್ರೀ ಎಷ್ಟೋ ದಿನದ ಮೇಲೆ ದನಿ ಎತ್ತಿದಳು. "ನಿನ್ ಅನ್ನ ಕಿತ್ಕೊಂಡು ನಾನ್ ತಿನ್ನಲ್ಲ. ಇನ್ನೊಂದ್ಸಲ ಹಂಗ್ ಹೇಳಿದ್ರೆ ಮನೇಲೇ ಇರಲ್ಲ ನೋಡು."

ಆಗ ಮಲ್ಲಕ್ಕನಿಗೆ ತೋಚಿದ್ದು ಒಂದೇ ದಾರಿ. ತನ್ನ ಕಣ್ಣು ಹೋಗಬೇಕು. ಬೆರಳಿನ ಗುಟ್ಟು ಅರಿಯದ ಮಂಡಿಯವರೂ ನಂಬಬೇಕು, ಮಗಳೂ ನಂಬಬೇಕು.

ಸೋಮವಾರದಿಂದ ತಪ್ಪು ಮಾಡಲು ಶುರು ಮಾಡಿದಳು. ಅದು ಅಷ್ಟು ಸುಲಭವಾಗಿರಲಿಲ್ಲ. ಚೊಗರು ಬಳಿದ ಹಳೇ ಅಡಿಕೆ ಬೆರಳಿಗೆ ಸಿಕ್ಕ ಕೂಡಲೇ ಕೈ ತನ್ನಷ್ಟಕ್ಕೆ ಎಡಕ್ಕೆ ಹೋಗುತ್ತಿತ್ತು. ಅದನ್ನು ತಡೆದು ಬಲಕ್ಕೆ, ಒಳ್ಳೆಯದರ ಡಬ್ಬಕ್ಕೆ ಹಾಕಬೇಕು. ಪ್ರತಿ ಸಲವೂ ಕಳ್ಳತನ ಮಾಡಿದಂತೆ ಅನ್ನಿಸುತ್ತಿತ್ತು. ಇಪ್ಪತ್ತೆಂಟು ವರ್ಷದ ಮರ್ಯಾದೆಯನ್ನು ಆರು ದಿನದಲ್ಲಿ ಹಿಡಿ ಹಿಡಿಯಾಗಿ ಹಾಳು ಮಾಡಿದಳು. ಮನೆಯಲ್ಲಿ ಅನ್ನ ಬಡಿಸುವಾಗ ಬೇಕೆಂದೇ ತಟ್ಟೆಯ ಹೊರಗೆ ಹಾಕಿದಳು, ಸೂಜಿಗೆ ದಾರ ಪೋಣಿಸಲಾರದೆ ಮಗಳ ಕೈಗೆ ಕೊಟ್ಟಳು.

"ಕಣ್ಣು ಮಂಜಾಗೈತೆ ಕಣೇ. ಮಂಡೀಲಿ ನೋಡ್ಕಂಡವ್ರೆ. ಇನ್ನೆಷ್ಟ್ ದಿನ ಇಟ್ಕಂತಾರೆ? ಬೇರೆ ಯಾರೋ ಬಂದು ಕೂರೋ ಬದ್ಲು ನೀನೇ ಬಾ."

ದೀಪಶ್ರೀ ದಾರ ಪೋಣಿಸಿದ ಸೂಜಿಯನ್ನು ತಾಯಿಯ ಕೈಗಿಟ್ಟಳು. ಆಮೇಲೆ, "ಆಯ್ತು, ಮಂಡೀಲಿ ಕೇಳು" ಅಂದಳು. ಆ ರಾತ್ರಿ ಏಳು ತಿಂಗಳಲ್ಲಿ ಮೊದಲ ಸಲ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಮಲ್ಲಕ್ಕ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಶನಿವಾರ ಮಧ್ಯಾಹ್ನ ವೇಣು ಕರೆದ. ಲಕ್ಷ್ಮಣಪ್ಪನವರೂ ಗದ್ದಿಗೆಯ ಮೇಲೆ ಕೂತಿದ್ದರು. ಅವರ ಪಕ್ಕದಲ್ಲಿ ಹೊಸ ಸೀರೆಯ ಒಂದು ಕವರ್ ಇತ್ತು.

"ಮಲ್ಲಕ್ಕ, ಬೇಜಾರ್ ಮಾಡ್ಕಬೇಡಿ," ಅಂದ ವೇಣು. "ಈ ವಾರ ನೀವ್ ಆರಿಸಿದ್ದನ್ನ ಮೆಷಿನ್ನಿನ ಅಂದಾಜಿಗೆ ತಾಳೆ ಹಾಕಿ, ಕತ್ತರಿಸಿ ನೋಡ್ದೆ. ಅನುಮಾನ ಅಂತ ಬಿಟ್ಟಿರೋದ್ರಲ್ಲೂ ಅದರ ಅಂದಾಜೇ ನಿಮಗಿಂತ ಸರಿ ಬಂದೈತೆ."

"ಹೂಂ ಕಣಪ್ಪ. ಕಣ್ಣು ಕಾಣ್ತಿಲ್ಲ. ಅದಕ್ಕೇ ಮಗಳನ್ನ..."

"ಅದೇ ಹೇಳಕ್ ಬಂದೆ. ಮೆಷಿನ್ ಕಂಪನಿಯವ್ರಿಗೆ ಫೋನ್ ಮಾಡ್ದೆ. ಮಲ್ಲಕ್ಕನಿಗಿಂತ ಮೆಷಿನ್ನೇ ವಾಸಿ ಅಂದ್ಮೇಲೆ ಕೈಯಲ್ಲಿ ಆರಿಸೋದೇ ದಂಡ ಅಂದ್ರು. ಅಲ್ಲಿಂದ್ಲೇ ಸರಿ ಮಾಡಿದ್ರು. ಇನ್ಮೇಲೆ ಆ ಟ್ರೇಗೆ ಏನೂ ಬೀಳಲ್ಲ. ಅದ್ರ ಅಂದಾಜಿನ ಮೇಲೇ ಹಾಕ್ಕಂಡ್ ಹೋಗುತ್ತೆ."

ಮಲ್ಲಕ್ಕ ಗದ್ದಿಗೆಯ ಅಂಚು ಹಿಡಿದುಕೊಂಡಳು.

"ನಾನ್ ಬೇಕಂತ ತಪ್ ಮಾಡಿದ್ದು ಕಣಪ್ಪ. ನಿನ್ನಾಣೆ, ನಂಗೆಲ್ಲ ಗೊತ್ತಾಗುತ್ತೆ. ಮಗಳಿಗೆ ಜಾಗ ಆಗ್ಲಿ ಅಂತ. ತತ್ತಾ ಆ ಟ್ರೇನ."

ಅವಳೇ ಹೋಗಿ ಟ್ರೇ ಎತ್ತಿಕೊಂಡು ಬಂದು, ಕಣ್ಣು ಮುಚ್ಚಿ, ಅವರ ಮುಂದೆ ನೆಲದ ಮೇಲೆ ಕೂತಳು. ಒಂದೊಂದನ್ನೂ ಬೆರಳಿಗೆ ತಾಗಿಸಿ, ಹಳೇದು, ಗೊರಬಲು, ಒಳ್ಳೇದು, ಹುಳುಕು ಅನ್ನುತ್ತಾ ನಾಲ್ಕು ಗುಡ್ಡೆ ಮಾಡಿದಳು. ಲಕ್ಷ್ಮಣಪ್ಪ ಅಡಕತ್ತರಿ ತೆಗೆದು ಒಂದೊಂದು ಗುಡ್ಡೆಯಿಂದ ಎರಡೆರಡು ಕತ್ತರಿಸಿ ನೋಡಿದರು. ಒಂದೂ ತಪ್ಪಿರಲಿಲ್ಲ. ಅವರು ಕತ್ತರಿಸಿದ ಹೋಳುಗಳನ್ನು ಮಗನ ಕಡೆ ಸರಿಸಿದರು.

ವೇಣು ಬಗ್ಗಿ ಕೂತು ನಿಜವಾದ ಬೆರಗಿನಿಂದ ಕೇಳಿದ. "ಈ ಹಳೇದನ್ನ ಕಣ್ ಮುಚ್ಕಂಡು ಹೆಂಗ್ ಹೇಳಿದ್ರಿ ಮಲ್ಲಕ್ಕ? ಏನೇನು ಅಂತ ಬಿಡ್ಸಿ ಹೇಳಿ. ಅದನ್ನೂ ಮೆಷಿನ್‌ಗೆ ಹಾಕ್ಸಿಬಿಡ್ತೀನಿ."

ಮಲ್ಲಕ್ಕ ಸೆರಗು ಕೊಡವಿ ಎದ್ದು, ಸೀರೆಯ ಕವರ್ ಮುಟ್ಟದೆ ಹೊರಗೆ ಬಂದಳು.

ಮನೆಯ ಬಾಗಿಲು ತೆರೆದಿತ್ತು. ದೀಪಶ್ರೀ ತಲೆಸ್ನಾನ ಮಾಡಿ, ಕಡೂರಿಗೆ ಹಾಕಿಕೊಂಡು ಹೋಗುತ್ತಿದ್ದ ಚೂಡಿದಾರಗಳಲ್ಲಿ ಹಳೆಯದೊಂದನ್ನು ಮಂಡಿಯ ಧೂಳಿಗೆ ಇದು ಸಾಕು ಅಂತ ಆರಿಸಿ, ಇಸ್ತ್ರಿ ಮಾಡುತ್ತಿದ್ದಳು. ತಾಯಿಯನ್ನು ಕಂಡು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟಳು.

"ಕೇಳಿದ್ಯೇನಮ್ಮ? ಯಾವತ್ತಿಂದ ಬರ್ಬೇಕಂತೆ?"

ಮಲ್ಲಕ್ಕ ಹೊಸ್ತಿಲ ಮೇಲೆ ಕೂತಳು.

"ಬೇಡ್ವಂತೆ."

"ಯಾರು, ನೀನಾ?"

"ಯಾರೂ ಬೇಡ್ವಂತೆ ಕಣೇ."